ನೊಣಗಳಿಗಾಗಿ ಅರಳುವ ನಕ್ಷತ್ರ

ಮಳೆಗಾಲದ ಬಿರುಸು ತಗ್ಗಿ ಬಿಸಿಲು ಮತ್ತೆ ಚುರುಕಾಗುವ ದಿನಗಳಲ್ಲಿ, ನಗರದ ತಾರಸಿಯೊಂದರ ಮೂಲೆಯಲ್ಲಿಟ್ಟ ಅಗಲವಾದ ಮಣ್ಣಿನ ಕುಂಡದ ಅಂಚಿನಾಚೆಗೆ, ಒಳಗೆ ಗಾಳಿ ತುಂಬಿದೆಯೋ ಎಂಬಂತೆ ಉಬ್ಬಿದ ಐದು ಏಣಿನ ಮೊಗ್ಗೊಂದು ಬಾಗಿ ನಿಂತಿರುತ್ತದೆ. ಮುಂಜಾನೆಯವರೆಗೂ ಬಿಗಿಯಾಗಿ ಮುಚ್ಚಿಕೊಂಡಿದ್ದ ಅದರ ಅಂಚುಗಳು ಹೊತ್ತೇರುತ್ತಿದ್ದಂತೆ ಒಂದೊಂದಾಗಿ ಬಿಚ್ಚಿಕೊಂಡು, ಐದು ನೀಳವಾದ ಎಸಳುಗಳು ಹಿಂದಕ್ಕೆ ಬಾಗಿ, ಒಂದಡಿಯಷ್ಟು ಅಗಲದ ತಿಳಿಹಳದಿ ನಕ್ಷತ್ರವೊಂದು ಹರಡಿಕೊಳ್ಳುತ್ತದೆ. ಅದರ ಮೈತುಂಬ ನೆತ್ತರುಗೆಂಪಿನ ಸಣ್ಣ ಗೆರೆಗಳು, ಅಂಚಿನುದ್ದಕ್ಕೂ ನವಿರಾದ ರೋಮಗಳು. ಹೂವು ಪೂರ್ತಿ ಅರಳುವ ಹೊತ್ತಿಗೆ ಹೊಳೆಯುವ ಹಸಿರು, ನೀಲಿ ಮೈಯ ನೊಣಗಳು ಎಲ್ಲಿಂದಲೋ ಬಂದು ಅದರ ನಡುಭಾಗವನ್ನು ಮುತ್ತುತ್ತವೆ, ಕೆಳಗಿನ ಮಹಡಿಯಲ್ಲಿ ಇಲಿ ಸತ್ತಿರಬೇಕೆಂದು ಬೀರು ಸರಿಸಿ ನೋಡುವ ಕೆಲಸ ಆರಂಭವಾಗುತ್ತದೆ.

ಈ ಹೂವು ಬಿಡುವ ಗಿಡದ ಶಾಸ್ತ್ರೀಯ ಹೆಸರು ಸ್ಟಪೀಲಿಯಾ ಜೈಗಾಂಟಿಯಾ. ನರ್ಸರಿಗಳಲ್ಲಿ ಇದನ್ನು ‘ಸ್ಟಾರ್‌ಫಿಶ್ ಕ್ಯಾಕ್ಟಸ್’ ಎಂದು ಕರೆಯುವುದುಂಟು. ಹೂವಿನ ಚಿತ್ರಕ್ಕೆ ಮರುಳಾಗಿ ಗಿಡ ತಂದವರು ಸಾಮಾನ್ಯವಾಗಿ ಮೂರು ದೂರುಗಳನ್ನು ಹೇಳುತ್ತಾರೆ: ವರ್ಷಗಳು ಕಳೆದರೂ ಹೂವು ಬಿಡಲಿಲ್ಲ, ಮೊದಲ ಮಳೆಗಾಲದಲ್ಲೇ ಬುಡ ಕೊಳೆತುಹೋಯಿತು, ಅಥವಾ ಹೂವು ಬಿಟ್ಟಿತು ಆದರೆ ಮನೆಯಲ್ಲಿ ಕೂರಲಾಗಲಿಲ್ಲ. ಈ ಮೂರೂ ದೂರುಗಳು ಹುಟ್ಟುವುದು ಒಂದೇ ತಪ್ಪು ತಿಳಿವಳಿಕೆಯಿಂದ. ಸಸ್ಯವು ಮರುಭೂಮಿಯ ಕಳ್ಳಿಯಂತೆ ಕಂಡರೂ ಅದರ ಕುಲ, ನೆಲೆ ಮತ್ತು ಬದುಕಿನ ಕ್ರಮ ಬೇರೆ. ಅವುಗಳನ್ನು ಅರಿತವರಿಗೆ ಇದರಷ್ಟು ಸುಲಭವಾಗಿ ಒಲಿಯುವ ಗಿಡ ಕಡಿಮೆ.

ಕಳ್ಳಿಯಲ್ಲ, ಎಕ್ಕದ ಬಂಧು

ಕಾಂಡ, ಎಲೆ ಅಥವಾ ಬೇರಿನಲ್ಲಿ ನೀರನ್ನು ಕೂಡಿಟ್ಟುಕೊಂಡು ಬರಗಾಲವನ್ನು ದಾಟುವ ಎಲ್ಲ ಸಸ್ಯಗಳನ್ನೂ ರಸಭರಿತ ಸಸ್ಯಗಳು, ಅಂದರೆ ಸಕ್ಯುಲೆಂಟ್‌ಗಳು ಎಂದು ಕರೆಯಲಾಗುತ್ತದೆ. ಇದು ಒಂದು ಕುಲದ ಹೆಸರಲ್ಲ, ಬದುಕುವ ಒಂದು ವಿಧಾನದ ಹೆಸರು. ಪಾಪಸುಕಳ್ಳಿಯನ್ನೊಳಗೊಂಡ ಕ್ಯಾಕ್ಟಸ್ ಕುಟುಂಬವು ಬಹುಮಟ್ಟಿಗೆ ಅಮೆರಿಕ ಖಂಡಗಳಿಗೆ ಸೇರಿದ್ದು, ಸ್ಟಪೀಲಿಯಾ ಆಫ್ರಿಕದ್ದು. ನೀರಿನ ಕೊರತೆಯೆಂಬ ಒಂದೇ ಒತ್ತಡಕ್ಕೆ ಸಿಕ್ಕಿ ಎರಡೂ ಎಲೆಗಳನ್ನು ಕಳೆದುಕೊಂಡು, ಕಾಂಡವನ್ನೇ ಹಸಿರಾಗಿಸಿಕೊಂಡು, ನೋಡಲು ಒಂದೇ ರೀತಿ ಆಗಿವೆಯೇ ಹೊರತು ಅವುಗಳ ನಡುವೆ ಹತ್ತಿರದ ಸಂಬಂಧವಿಲ್ಲ.

ಸ್ಟಪೀಲಿಯಾದ ನಿಜವಾದ ಬಂಧುಗಳು ಕನ್ನಡ ನಾಡಿನ ಓದುಗರಿಗೆ ಬಹಳ ಪರಿಚಿತ ಗಿಡಗಳು. ಹನುಮಂತನಿಗೆ ಹಾರವಾಗುವ ಎಕ್ಕ, ಬೇಲಿಯ ಕಣಗಿಲೆ, ದೇವಸ್ಥಾನದ ಅಂಗಳದ ದೇವಕಣಗಿಲೆ, ಬೇಸಿಗೆಯ ಪಾನಕಕ್ಕೆ ಒದಗುವ ಸೊಗದೆ ಬೇರು ಇವೆಲ್ಲವೂ ಅದೇ ಕುಟುಂಬಕ್ಕೆ ಸೇರುತ್ತವೆ. ಎಕ್ಕದ ಹೂವಿನ ನಡುವೆ ಐದು ಮೂಲೆಯ ಗಟ್ಟಿ ಕಿರೀಟವೊಂದು ಎದ್ದು ನಿಂತಿರುವುದನ್ನು ಗಮನಿಸಿದವರು ಸ್ಟಪೀಲಿಯಾ ಹೂವಿನ ನಡುಭಾಗವನ್ನು ನೋಡಿದರೆ ಆ ಹೋಲಿಕೆ ತಟ್ಟನೆ ಹೊಳೆಯುತ್ತದೆ. ಎಕ್ಕದ ಕಾಯಿ ಒಡೆದಾಗ ರೇಷ್ಮೆಯಂಥ ಎಳೆಗಳ ಜುಟ್ಟು ಹೊತ್ತ ಬೀಜಗಳು ಗಾಳಿಯಲ್ಲಿ ತೇಲುವಂತೆಯೇ ಸ್ಟಪೀಲಿಯಾದ ಬೀಜಗಳೂ ತೇಲುತ್ತವೆ. ಒಂದು ವ್ಯತ್ಯಾಸವನ್ನು ಮಾತ್ರ ನೆನಪಿಡಬೇಕು: ಎಕ್ಕವನ್ನು ಮುರಿದರೆ ಹಾಲು ಬರುತ್ತದೆ, ಸ್ಟಪೀಲಿಯಾವನ್ನು ಮುರಿದರೆ ಬರುವುದು ತಿಳಿಯಾದ ರಸ. ಕಳ್ಳಿಯೆಂದು ಮಾರುವ ಗಿಡದಿಂದ ಬಿಳಿ ಹಾಲು ಸುರಿದರೆ ಅದು ಬಹುಶಃ ಯೂಫೋರ್ಬಿಯ ಜಾತಿಯದು. ಅದರ ಹಾಲು ಕಣ್ಣಿಗೆ, ಚರ್ಮಕ್ಕೆ ಉರಿ ತರುವಂಥದ್ದಾದ್ದರಿಂದ ಈ ಪರೀಕ್ಷೆ ಗೊತ್ತಿರುವುದು ಒಳ್ಳೆಯದು.

ಗಿಡದ ರೂಪ ಸರಳವಾದದ್ದು. ಹೆಬ್ಬೆರಳ ದಪ್ಪದ, ನಾಲ್ಕು ಏಣುಗಳ, ಮುಟ್ಟಿದರೆ ಮಖಮಲ್ಲಿನಂತೆ ಮೃದುವಾದ ಕಾಂಡಗಳು ನೆಲಕ್ಕೆ ಒರಗಿ ನಂತರ ಮೇಲೇಳುತ್ತವೆ. ಅವುಗಳ ಎತ್ತರ ಸುಮಾರು 20 ಸೆಂ.ಮೀ. ಮೀರುವುದಿಲ್ಲ. ಏಣುಗಳ ಮೇಲೆ ಹಲ್ಲಿನಂಥ ಮೊನೆಗಳಿದ್ದರೂ ಅವು ಚುಚ್ಚುವ ಮುಳ್ಳುಗಳಲ್ಲ. ಇಷ್ಟು ಕುಳ್ಳಾದ ಗಿಡದಲ್ಲಿ ಅರಳುವ ಹೂವು ಸಾಮಾನ್ಯವಾಗಿ 25ರಿಂದ 35 ಸೆಂ.ಮೀ. ಅಗಲ, ಕೆಲವೊಮ್ಮೆ 40 ಸೆಂ.ಮೀ. ಹತ್ತಿರಕ್ಕೂ ಬರುವುದರಿಂದ, ಸಸ್ಯಲೋಕದ ಅತಿ ದೊಡ್ಡ ಹೂವುಗಳ ಸಾಲಿನಲ್ಲಿ ಅದಕ್ಕೆ ಸ್ಥಾನವಿದೆ.

ಕೇಪ್ ಬಂದರಿನಲ್ಲಿ ಕಂಡ ಹೂವು

ಸ್ಟಪೀಲಿಯಾ ಮತ್ತು ಅದರ ಹತ್ತಿರದ ಕುಲಗಳ ಗುಂಪಿನ ಸಸ್ಯಗಳು ಯುರೋಪಿನ ವಿದ್ವಾಂಸರ ಕಣ್ಣಿಗೆ ಬಿದ್ದದ್ದು ಏಷ್ಯಾದ ಹಡಗುದಾರಿಯ ನಡುವೆ. 1624ರಲ್ಲಿ ಪೂರ್ವ ದ್ವೀಪಗಳಿಗೆ ಹೊರಟಿದ್ದ ಡಚ್ ಪಾದ್ರಿ ಯುಸ್ಟುಸ್ ಹ್ಯೂರ್ನಿಯಸ್, ಹಡಗು ಆಫ್ರಿಕದ ದಕ್ಷಿಣ ತುದಿಯ ಕೇಪ್‌ನಲ್ಲಿ ತಂಗಿದ್ದಾಗ ಅಲ್ಲಿನ ಕೆಲವು ಗಿಡಗಳ ಚಿತ್ರ ಬರೆದುಕೊಂಡರು. ಅವುಗಳಲ್ಲಿ ಚುಕ್ಕೆಗಳುಳ್ಳ ನಕ್ಷತ್ರದಂಥ ಹೂವೊಂದಿತ್ತು. ಆ ಚಿತ್ರವು ಗ್ರೀಕ್ ಪಂಡಿತ ಥಿಯೊಫ್ರಾಸ್ಟಸನ ಸಸ್ಯಗ್ರಂಥಕ್ಕೆ ಆಮ್‌ಸ್ಟರ್‌ಡಾಂನ ವೈದ್ಯ ಬೊಡೇಯಸ್ ಫಾನ್ ಸ್ಟಾಪೆಲ್ ಬರೆದ ವ್ಯಾಖ್ಯಾನದಲ್ಲಿ ಸೇರಿತು. ವ್ಯಾಖ್ಯಾನಕಾರರು 1636ರಲ್ಲಿ ತೀರಿಕೊಂಡರು, ಪುಸ್ತಕ ಹೊರಬಂದದ್ದು 1644ರಲ್ಲಿ. ಮುಂದೆ ಸಸ್ಯವಿಜ್ಞಾನಿ ಲಿನೀಯಸ್ ಇವರ ಹೆಸರಿನಿಂದಲೇ ಸ್ಟಪೀಲಿಯಾ ಎಂಬ ಕುಲನಾಮವನ್ನು ರೂಪಿಸಿದರು. ಪಾದ್ರಿಯ ಹೆಸರೂ ಉಳಿಯಿತು. ಹ್ಯೂರ್ನಿಯಾ ಎಂಬ ಸೋದರಕುಲ ಅವರದು.

ಲಂಡನ್ನಿನ ಕ್ಯೂ ಉದ್ಯಾನವು 1772ರಲ್ಲಿ ತನ್ನ ಮೊದಲ ಸಸ್ಯಸಂಗ್ರಾಹಕನಾಗಿ ಕಳುಹಿಸಿದ ಸ್ಕಾಟ್ಲೆಂಡಿನ ತೋಟಗಾರ ಫ್ರಾನ್ಸಿಸ್ ಮ್ಯಾಸನ್, ಕೇಪ್ ಪ್ರದೇಶದಲ್ಲಿ ಎರಡು ಬಾರಿ ವರ್ಷಗಟ್ಟಲೆ ಅಲೆದು, 41 ಬಣ್ಣದ ಚಿತ್ರಫಲಕಗಳ ಗ್ರಂಥವೊಂದನ್ನು 1796–97ರಲ್ಲಿ ಈ ಗುಂಪಿಗೇ ಮೀಸಲಾಗಿ ಪ್ರಕಟಿಸಿದರು. ಎಲ್ಲಕ್ಕಿಂತ ದೊಡ್ಡ ಹೂವಿನ ಪ್ರಭೇದವಾದ ಜೈಗಾಂಟಿಯಾ ಮಾತ್ರ ಅವರ ದಾರಿಯಲ್ಲಿ ಸಿಗಲಿಲ್ಲ, ಏಕೆಂದರೆ ಅದು ಕೇಪ್‌ನ ಸಸ್ಯವಲ್ಲ. ದಕ್ಷಿಣ ಆಫ್ರಿಕದ ಪೂರ್ವ ಮತ್ತು ಉತ್ತರ ಭಾಗಗಳಿಂದ ಜಿಂಬಾಬ್ವೆ, ಜಾಂಬಿಯಾಗಳ ಮೂಲಕ ಟಾಂಜಾನಿಯಾದ ಕಡೆಗೆ ಅದರ ನೆಲೆ ಹಬ್ಬಿದೆ. ಕ್ಯೂ ಉದ್ಯಾನದ ಎನ್. ಇ. ಬ್ರೌನ್ ಅದನ್ನು ಹೆಸರಿಸಿ ವರ್ಣಿಸಿದ್ದು 1877ರಲ್ಲಿ.

ಈ ಭೂಗೋಳವು ಕೇವಲ ಪಾಂಡಿತ್ಯದ ವಿವರವಲ್ಲ. ಕೇಪ್‌ನ ಪಶ್ಚಿಮ ಭಾಗದಲ್ಲಿ ಚಳಿಗಾಲದಲ್ಲಿ ಮಳೆ ಬೀಳುತ್ತದೆ. ಜೈಗಾಂಟಿಯಾದ ನೆಲೆಯಲ್ಲಿ ಮಳೆ ಬೀಳುವುದು ಬೆಚ್ಚನೆಯ ತಿಂಗಳುಗಳಲ್ಲಿ, ಚಳಿಗಾಲ ಒಣಗಿರುತ್ತದೆ. ಕರ್ನಾಟಕದ ಒಳನಾಡಿನ ಋತುಕ್ರಮವೂ ಹೆಚ್ಚುಕಡಿಮೆ ಅದೇ. ಕೇಪ್‌ನ ಪಶ್ಚಿಮ ತುದಿಯಿಂದ ಬಂದ ಎಷ್ಟೋ ಅಲಂಕಾರಿಕ ಸಕ್ಯುಲೆಂಟ್‌ಗಳು ಇಲ್ಲಿನ ಮಳೆಗಾಲದಲ್ಲಿ ಸೊರಗಿ ಸತ್ತರೂ ಈ ಗಿಡ ಬೆಂಗಳೂರು, ಮೈಸೂರು, ತುಮಕೂರುಗಳ ತಾರಸಿಗಳಿಗೆ ಹೊಂದಿಕೊಳ್ಳುವುದಕ್ಕೆ ಮುಖ್ಯ ಕಾರಣ ಇದು.

ದುರ್ವಾಸನೆಯ ವ್ಯವಹಾರ

ಹೂವಿನ ವಾಸನೆಯನ್ನು ದೋಷವೆಂದು ತಿಳಿಯುವುದು ಮನುಷ್ಯರ ಮೂಗಿನ ಪಕ್ಷಪಾತ. ಸ್ಟಪೀಲಿಯಾದ ಪಾಲಿಗೆ ಅದೇ ಬಂಡವಾಳ. ಅದರ ಪರಾಗವನ್ನು ಸಾಗಿಸುವವು ಜೇನ್ನೊಣವೂ ಅಲ್ಲ, ಚಿಟ್ಟೆಯೂ ಅಲ್ಲ. ಕೊಳೆತ ಮಾಂಸದಲ್ಲಿ ಮೊಟ್ಟೆಯಿಡುವ ನೊಣಗಳು. ಆ ನೊಣಗಳಿಗೆ ಸತ್ತ ಪ್ರಾಣಿಯನ್ನು ಗುರುತಿಸಲು ಮೂರು ಕುರುಹುಗಳು ಬೇಕು: ವಾಸನೆ, ಬಣ್ಣ, ಮೈಯ ಹದ. ಹೂವು ಮೂರನ್ನೂ ಒದಗಿಸುತ್ತದೆ. ಮಾಂಸ ಕೊಳೆಯುವಾಗ ಹೊರಬರುವ ಗಂಧಕಯುಕ್ತ ಅನಿಲಗಳನ್ನು, ಮುಖ್ಯವಾಗಿ ಡೈಮಿಥೈಲ್ ಡೈಸಲ್ಫೈಡ್ ಮತ್ತು ಡೈಮಿಥೈಲ್ ಟ್ರೈಸಲ್ಫೈಡ್ ಎಂಬ ಸಂಯುಕ್ತಗಳನ್ನು, ಈ ಗುಂಪಿನ ಹೂವುಗಳು ತಾವೇ ತಯಾರಿಸಿ ಬಿಡುತ್ತವೆ. ಕೆಂಪು ಗೆರೆಗಳು ರಕ್ತನಾಳಗಳನ್ನು, ರೋಮಗಳು ಪ್ರಾಣಿಯ ಚರ್ಮವನ್ನು ನೆನಪಿಸುತ್ತವೆ. ಹೂವಿನ ಅಸಾಧಾರಣ ಗಾತ್ರಕ್ಕೂ ಇದೇ ವಿವರಣೆಯನ್ನು ವಿದ್ವಾಂಸರು ಮುಂದಿಡುತ್ತಾರೆ: ಹೆಣ ದೊಡ್ಡದಾಗಿ ಕಂಡಷ್ಟೂ ನೊಣಕ್ಕೆ ಆಮಿಷ ದೊಡ್ಡದು.

ಈ ಗುಂಪಿನ ಹೂವುಗಳ ವಾಸನೆಯನ್ನು ರಾಸಾಯನಿಕವಾಗಿ ವಿಶ್ಲೇಷಿಸಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೂ ಸ್ವಾರಸ್ಯಕರವಾದ ಸಂಗತಿಯನ್ನು ತೋರಿಸಿತು. ಎಲ್ಲ ಪ್ರಭೇದಗಳೂ ಹೆಣವನ್ನೇ ಅನುಕರಿಸುವುದಿಲ್ಲ. ಕೆಲವು ಸಸ್ಯಾಹಾರಿ ಪ್ರಾಣಿಗಳ ಸಗಣಿಯ ವಾಸನೆಯನ್ನು, ಕೆಲವು ಮೂತ್ರದ ವಾಸನೆಯನ್ನು ಹೋಲುವ ಮಿಶ್ರಣಗಳನ್ನು ಬಿಡುತ್ತವೆ. ಅಂದರೆ ಒಂದೇ ಕುಟುಂಬದೊಳಗೆ ಬೇರೆಬೇರೆ ಬಗೆಯ ನೊಣಗಳನ್ನು ಗುರಿಯಾಗಿಸಿಕೊಂಡ ಬೇರೆಬೇರೆ ಮೋಸಗಳಿವೆ.

ಮೋಸ ಎಂಬ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಹೂವಿನ ನಡುವೆ ನೊಣವು ಮೊಟ್ಟೆಯಿಟ್ಟು ಹೋಗುತ್ತದೆ, ಮರಿಹುಳುಗಳು ಹೊರಬರುತ್ತವೆ, ತಿನ್ನಲು ಮಾಂಸವಿಲ್ಲದೆ ಸಾಯುತ್ತವೆ. ಹೂವಿಗೆ ಬೇಕಾದದ್ದು ಅಷ್ಟರೊಳಗೆ ನಡೆದಿರುತ್ತದೆ. ಈ ಗುಂಪಿನಲ್ಲಿ ಪರಾಗವು ಪುಡಿಯಾಗಿ ಉದುರುವುದಿಲ್ಲ. ಮೇಣದಂಥ ಎರಡು ಪುಟ್ಟ ಚೀಲಗಳಾಗಿ ಗಟ್ಟಿಗೊಂಡು, ಬಟ್ಟೆ ಒಣಹಾಕುವ ಕ್ಲಿಪ್ಪಿನಂತೆ ಕೆಲಸ ಮಾಡುವ ಒಂದು ಕೊಂಡಿಗೆ ಅಂಟಿಕೊಂಡಿರುತ್ತದೆ. ಗಂಡು ಮತ್ತು ಹೆಣ್ಣು ಭಾಗಗಳು ಬೆಸೆದು ಆದ ನಡುಸ್ತಂಭದ ಸುತ್ತ ಐದು ಕಿರಿದಾದ ಸೀಳುಗಳಿರುತ್ತವೆ. ನೊಣದ ಸೊಂಡಿಲು ಅಥವಾ ಕಾಲಿನ ರೋಮ ಆ ಸೀಳಿನಲ್ಲಿ ಜಾರಿ ಸಿಕ್ಕಿಕೊಂಡಾಗ, ಬಿಡಿಸಿಕೊಳ್ಳಲು ಎಳೆದ ರಭಸಕ್ಕೆ ಕೊಂಡಿಯೇ ಕಿತ್ತು ಬರುತ್ತದೆ. ಆ ನೊಣ ಇನ್ನೊಂದು ಹೂವಿನಲ್ಲಿ ಅದೇ ಗೊಂದಲಕ್ಕೆ ಸಿಕ್ಕಿದರೆ ಚೀಲವು ಅಲ್ಲಿನ ಸೀಳಿನೊಳಗೆ ಉಳಿದು, ಬೀಜ ಕಟ್ಟುವ ಕೆಲಸ ಶುರುವಾಗುತ್ತದೆ. ಎಕ್ಕದ ಹೂವಿನಲ್ಲೂ ಇದೇ ಯಂತ್ರವಿದೆ. ಅಲ್ಲಿ ಗಿರಾಕಿ ಮರ ಕೊರೆಯುವ ದೊಡ್ಡ ಕಪ್ಪು ದುಂಬಿ.

ಮನೆಯವರ ದೃಷ್ಟಿಯಿಂದ ಹೇಳಬೇಕಾದ ಸಮಾಧಾನದ ಮಾತೆಂದರೆ, ಒಂದೊಂದು ಹೂವು ಅರಳಿರುವುದು ಕೆಲವೇ ದಿನ, ವಾಸನೆ ಮೊದಲ ದಿನ ಹೆಚ್ಚಾಗಿದ್ದು ನಂತರ ಇಳಿಯುತ್ತದೆ. ಜೈಗಾಂಟಿಯಾದ ವಾಸನೆಯೂ ಕೋಣೆಯೊಳಗೆ ಅಸಹ್ಯವಾಗಿದ್ದರೂ ಬಯಲಿನಲ್ಲಿ ಹೂವಿನ ಹತ್ತಿರ ಬಗ್ಗಿದಾಗಲೇ ಹೆಚ್ಚಾಗಿ ಮೂಗಿಗೆ ಬಡಿಯುವಂಥದ್ದು. ಮೊಗ್ಗು ಉಬ್ಬತೊಡಗಿದಾಗಲೇ ಅಡುಗೆಮನೆ ಮತ್ತು ಮಲಗುವ ಕೋಣೆಯ ಕಿಟಕಿಗಳಿಂದ ದೂರ, ಗಾಳಿಯಾಡುವ, ಮೊದಲಿನಷ್ಟೇ ಬಿಸಿಲು ಬೀಳುವ ಕಡೆ ಕುಂಡವನ್ನಿಟ್ಟರೆ ಸಾಕು. ಬಾಡಿದ ಹೂವನ್ನು ಕತ್ತರಿಸಿ ಬಿಸಾಡಿದರೆ ಹುಳುಗಳ ಚಿಂತೆಯೂ ಇರುವುದಿಲ್ಲ.

ರಾತ್ರಿ ತೆರೆಯುವ ರಂಧ್ರಗಳು

ಸಾಮಾನ್ಯ ಸಸ್ಯಗಳು ಹಗಲಿನಲ್ಲಿ ತಮ್ಮ ಮೈಮೇಲಿನ ಸೂಕ್ಷ್ಮ ರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಳ್ಳುತ್ತವೆ. ಹಾಗೆ ತೆರೆದಾಗ ನೀರೂ ಆವಿಯಾಗಿ ಹೋಗುತ್ತದೆ. ಸ್ಟಪೀಲಿಯಾ ಮತ್ತು ಅದರಂಥ ಅನೇಕ ಸಕ್ಯುಲೆಂಟ್‌ಗಳು ಈ ಕೆಲಸವನ್ನು ತಂಪಾದ ರಾತ್ರಿಗೆ ಮುಂದೂಡಿವೆ. ರಾತ್ರಿ ಒಳಗೆಳೆದ ಅನಿಲವನ್ನು ಆಮ್ಲದ ರೂಪದಲ್ಲಿ ಕಾಂಡದಲ್ಲಿ ಕೂಡಿಟ್ಟು, ಹಗಲಿನಲ್ಲಿ ರಂಧ್ರಗಳನ್ನು ಮುಚ್ಚಿಕೊಂಡೇ ಬಿಸಿಲಿನ ನೆರವಿನಿಂದ ಅದನ್ನು ಸಕ್ಕರೆಯಾಗಿಸುತ್ತವೆ. ನೀರಿನ ಉಳಿತಾಯ ಇದರಿಂದ ದೊಡ್ಡದು, ಬೆಳವಣಿಗೆ ಮಾತ್ರ ನಿಧಾನ.

ಇಂಥ ಗಿಡಗಳು ರಾತ್ರಿಯೆಲ್ಲ ಆಮ್ಲಜನಕ ಕೊಡುತ್ತವೆ, ಮಲಗುವ ಕೋಣೆಯಲ್ಲಿಡಿ ಎಂಬ ಮಾರಾಟದ ಮಾತು ಇತ್ತೀಚೆಗೆ ಎಲ್ಲೆಡೆ ಕೇಳಿಬರುತ್ತಿದೆ. ಅದು ಸರಿಯಲ್ಲ. ಅವು ರಾತ್ರಿ ಇಂಗಾಲದ ಡೈಆಕ್ಸೈಡನ್ನು ಹೀರುವುದು ನಿಜವಾದರೂ ಆಮ್ಲಜನಕ ಹುಟ್ಟುವುದು ಬೆಳಕಿನ ಸಹಾಯದಿಂದ ನೀರಿನ ಅಣು ಒಡೆದಾಗ, ಅಂದರೆ ಹಗಲಿನಲ್ಲೇ. ಸ್ಟಪೀಲಿಯಾವನ್ನಂತೂ ಮಲಗುವ ಕೋಣೆಯಲ್ಲಿಡುವ ಸಲಹೆಯನ್ನು ಹೂವು ನೋಡಿದ ಯಾರೂ ಕೊಡಲಾರರು.

ಮಣ್ಣು, ಕುಂಡ, ಬಿಸಿಲು

ಹುಟ್ಟುನೆಲೆಯಲ್ಲಿ ಈ ಗಿಡ ಬೆಳೆಯುವುದು ಬಂಡೆಗಳ ಸಂದಿಯಲ್ಲಿ, ಕುರುಚಲು ಗಿಡಗಳ ಅರೆನೆರಳಿನಲ್ಲಿ. ಅಲ್ಲಿ ನೀರು ಬಿದ್ದರೂ ನಿಲ್ಲುವುದಿಲ್ಲ. ಮನೆಯಲ್ಲಿ ಇದನ್ನು ಮರುಸೃಷ್ಟಿಸಲು ಒಂದು ಪಾಲು ಕೆಂಪು ಮಣ್ಣಿಗೆ ಎರಡು ಪಾಲಿನಷ್ಟು ದಪ್ಪ ಮರಳು, ಇಟ್ಟಿಗೆ ಚೂರು ಅಥವಾ ಪ್ಯೂಮಿಸ್ ಕಲ್ಲಿನ ಹರಳು ಬೆರೆಸಿ, ಒಂದು ಹಿಡಿ ಎರೆಹುಳು ಗೊಬ್ಬರ ಸೇರಿಸಿದರೆ ಸಾಕಾಗುತ್ತದೆ. ನದಿ ಮರಳು ದುರ್ಲಭವಾದ ಮೇಲೆ ಕಟ್ಟಡಗಳಿಗೆ ಬಳಸುವ ಎಂ-ಸ್ಯಾಂಡ್ ಕುಂಡಗಳಿಗೂ ಬಂದಿದೆ; ಅದನ್ನು ಬಳಸುವುದಾದರೆ ಜರಡಿ ಹಿಡಿದು, ಕಲ್ಲುಧೂಳು ಹೋಗುವಂತೆ ತೊಳೆದು ಬಳಸಬೇಕು, ಇಲ್ಲವಾದರೆ ಧೂಳು ತಳದಲ್ಲಿ ಗಟ್ಟಿಯಾಗಿ ನೀರಿನ ದಾರಿ ಮುಚ್ಚುತ್ತದೆ. ಕೊಕೊಪೀಟ್ ತುಂಬಿದ ಕುಂಡದಲ್ಲಿ ಬಂದ ಹೊಸ ಗಿಡವನ್ನು ಮಳೆಗಾಲಕ್ಕೆ ಮೊದಲೇ ಬಿಡಿಸಿ, ಬೇರಿಗಂಟಿದ ನಾರನ್ನು ತೆಗೆದು, ಈ ಮಿಶ್ರಣಕ್ಕೆ ಬದಲಿಸುವುದು ಅಗತ್ಯ, ಏಕೆಂದರೆ ತೆಂಗಿನ ನಾರಿನ ಪುಡಿ ನೀರನ್ನು ವಾರಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ.

ಬೇರುಗಳು ಆಳಕ್ಕಿಳಿಯದೆ ಅಕ್ಕಪಕ್ಕ ಹರಡುವುದರಿಂದ ಕುಂಡವು ಆಳಕ್ಕಿಂತ ಅಗಲವಾಗಿರಬೇಕು. ಬಾಯಿ 25 ಸೆಂ.ಮೀ., ಆಳ 10–12 ಸೆಂ.ಮೀ. ಇರುವ ಸುಟ್ಟ ಮಣ್ಣಿನ ಕುಂಡ ಅನುಕೂಲ. ಪ್ಲಾಸ್ಟಿಕ್ ಕುಂಡದಲ್ಲೂ ಬೆಳೆಯುತ್ತದೆ, ಆದರೆ ಅದರ ಗೋಡೆಯಿಂದ ತೇವ ಹೊರಹೋಗದ ಕಾರಣ ನೀರು ಹಾಕುವ ಕೈ ಇನ್ನಷ್ಟು ಬಿಗಿಯಾಗಿರಬೇಕು.

ಬಿಸಿಲಿನ ಪ್ರಮಾಣ ಊರಿನಿಂದ ಊರಿಗೆ ಬದಲಾಗುತ್ತದೆ. ಬೆಂಗಳೂರು, ಮೈಸೂರಿನಂಥ ಕಡೆ ಬೆಳಗಿನ ನಾಲ್ಕೈದು ತಾಸಿನ ನೇರ ಬಿಸಿಲು ಗಿಡಕ್ಕೆ ಹಿತ; ಕಾಂಡದ ತುದಿಗಳು ತುಸು ಕೆಂಪಾದರೆ ಅದು ರೋಗವಲ್ಲ, ಹೆಚ್ಚಿನ ಬೆಳಕಿಗೆ ಗಿಡ ಕೊಡುವ ಉತ್ತರ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಮಧ್ಯಾಹ್ನದ ಬಿಸಿಲನ್ನು ಅರ್ಧದಷ್ಟು ತಡೆಯುವ ಶೇಡ್ ನೆಟ್ ಬೇಕು. ಅಪಾರ್ಟ್‌ಮೆಂಟಿನ ಒಳಕೋಣೆಯಲ್ಲಿ ಇಟ್ಟ ಗಿಡ ಸಾಯುವುದಿಲ್ಲ, ಸಪೂರವಾಗಿ ಉದ್ದ ಬೆಳೆದು ಹೂವಿಲ್ಲದೆ ಉಳಿಯುತ್ತದೆ.

ನೀರಿನ ಲೆಕ್ಕ

ಸಕ್ಯುಲೆಂಟ್‌ಗಳಿಗೆ ನೀರೇ ಬೇಡವೆಂಬ ಮಾತು ಪ್ರಚಾರದಲ್ಲಿದೆ, ಅದರಷ್ಟೇ ಹಾನಿಕರವಾದದ್ದು ದಿನಕ್ಕೊಂದು ಲೋಟ ಚಿಮುಕಿಸುವ ಅಭ್ಯಾಸ. ಸ್ಟಪೀಲಿಯಾಕ್ಕೆ ಬೇಕಾದದ್ದು ತಳದ ತೂತಿನಿಂದ ಹರಿದುಹೋಗುವಷ್ಟು ಪೂರ್ತಿ ನೀರು, ನಂತರ ಮಣ್ಣು ತಳದವರೆಗೆ ಒಣಗುವಷ್ಟು ಬಿಡುವು. ಬೆಳವಣಿಗೆಯ ಕಾಲವಾದ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಈ ಬಿಡುವು ಸುಮಾರು ಒಂದು ವಾರದಿಂದ ಹತ್ತು ದಿನ. ಡಿಸೆಂಬರ್, ಜನವರಿಯ ಚಳಿಯಲ್ಲಿ ಮೂರು ವಾರಕ್ಕೊಮ್ಮೆ ಸಾಕು. ದಿನಗಳ ಎಣಿಕೆಗಿಂತ ಕುಂಡವನ್ನು ಎತ್ತಿ ಅದರ ಹಗುರವನ್ನು ಅರಿಯುವುದು ನಂಬಲರ್ಹವಾದ ವಿಧಾನ. ಕಾಂಡದ ಏಣುಗಳ ನಡುವಿನ ತಗ್ಗು ಆಳವಾಗಿ, ಕಾಂಡ ಸೊರಗಿದಂತೆ ಕಂಡರೆ ಗಿಡ ನೀರು ಕೇಳುತ್ತಿದೆ. ಬುಡ ಮೆತ್ತಗಾಗಿ ಬಣ್ಣಗೆಟ್ಟರೆ ಈಗಾಗಲೇ ನೀರು ಹೆಚ್ಚಾಗಿದೆ.

ಮಳೆಯ ವಿಷಯದಲ್ಲಿ ಕರ್ನಾಟಕಕ್ಕೆ ಒಂದೇ ನಿಯಮ ಹೇಳಲಾಗದು. ವರ್ಷಕ್ಕೆ 1,000 ಮಿ.ಮೀ.ಗೆ ಸಮೀಪದ ಮಳೆ ಕಾಣುವ ಬೆಂಗಳೂರಿನಲ್ಲಿ, ಮಣ್ಣು ಸಾಕಷ್ಟು ಹರಳುಹರಳಾಗಿದ್ದರೆ, ಗಿಡವು ಆಗಾಗಿನ ಮಳೆಯನ್ನು ಬಯಲಿನಲ್ಲೇ ತಡೆದುಕೊಳ್ಳುತ್ತದೆ. 3,500 ಮಿ.ಮೀ. ಮೀರುವ ಮಂಗಳೂರಿನಲ್ಲಿ, ಆಗುಂಬೆಯ ಸುತ್ತಿನ ಮಲೆನಾಡಿನಲ್ಲಿ, ಜೂನ್ ಮೊದಲ ವಾರಕ್ಕೆ ಮುನ್ನ ಕುಂಡವನ್ನು ಸಜ್ಜೆಯಡಿಗೋ ಮನೆಯ ಜಗಲಿಗೋ ಸರಿಸದಿದ್ದರೆ ಉಳಿಯುವ ಭರವಸೆಯಿಲ್ಲ. ಜಗಲಿಯಲ್ಲೂ ಗೋಡೆಗೆ ಒತ್ತಿ ಇಡದೆ ಗಾಳಿಯ ದಾರಿಯಲ್ಲಿಡಬೇಕು.

ಹೂವು ಬಿಡದ ಗಿಡ

ಹೂವಿನ ಬಗ್ಗೆ ಕೇಳುವ ದೂರಿಗೆ ಉತ್ತರ ಗಿಡದ ರಚನೆಯಲ್ಲೇ ಇದೆ. ಸ್ಟಪೀಲಿಯಾದ ಮೊಗ್ಗು ಹುಟ್ಟುವುದು ಹಳೆಯ ಕಾಂಡದ ತುದಿಯಲ್ಲಲ್ಲ, ಆ ವರ್ಷ ಹೊಸದಾಗಿ ಬಂದ ಕಾಂಡದ ಬುಡದ ಹತ್ತಿರ. ಹೊಸ ಕಾಂಡಗಳು ಗುಂಪಿನ ಹೊರ ಅಂಚಿನಲ್ಲಿ ಚಿಗುರುತ್ತವೆ. ನಡುವಿನ ಕಾಂಡಗಳು ವರ್ಷ ಕಳೆದಂತೆ ಬೂದುಬಣ್ಣಕ್ಕೆ ತಿರುಗಿ ನಿಂತ ಜಾಗದಲ್ಲೇ ಸುಮ್ಮನಿರುತ್ತವೆ. ಕಿರಿದಾದ ಕುಂಡದಲ್ಲಿ ಅಂಚಿನ ಕಾಂಡಗಳಿಗೆ ಬೇರೂರುವ ಮಣ್ಣೇ ಸಿಗುವುದಿಲ್ಲ, ಅವು ಹೊರಗೆ ಜೋತುಬೀಳುತ್ತವೆ, ಹೂವು ನಿಲ್ಲುತ್ತದೆ. ಆದ್ದರಿಂದ ಎರಡು ಮೂರು ವರ್ಷಗಳಿಗೊಮ್ಮೆ, ಬೇಸಿಗೆಯ ಆರಂಭದಲ್ಲಿ, ಗಿಡವನ್ನು ಪೂರ್ತಿ ಬಿಡಿಸಿ ನಡುವಿನ ಹಳೆಯ ಭಾಗವನ್ನು ತೆಗೆದುಹಾಕಿ, ಅಂಚಿನ ಎಳೆಯ ಕಾಂಡಗಳನ್ನು ಹೊಸ ಮಣ್ಣಿನಲ್ಲಿ ಕೂರಿಸಬೇಕು. ಗಿಡ ಚೆನ್ನಾಗಿಯೇ ಇದೆ, ಮುಟ್ಟುವುದೇಕೆ ಎಂಬ ಕರುಣೆಯೇ ಎಷ್ಟೋ ಮನೆಗಳಲ್ಲಿ ಹೂವಿಗೆ ಅಡ್ಡಿಯಾಗಿದೆ.

ಇನ್ನೆರಡು ಕಾರಣಗಳು ಬೆಳಕಿನ ಕೊರತೆ ಮತ್ತು ಗೊಬ್ಬರದ ಅತಿ. ಸಾರಜನಕ ಹೆಚ್ಚಿರುವ ಗೊಬ್ಬರ, ಹಸಿ ಸಗಣಿ, ಅಡುಗೆಮನೆಯ ತೊಳೆನೀರು ಇವು ಕಾಂಡವನ್ನು ಕೊಬ್ಬಿಸಿ ಹೂವನ್ನು ಮುಂದೂಡುತ್ತವೆ, ಕೊಳೆಯನ್ನೂ ಆಹ್ವಾನಿಸುತ್ತವೆ. ಬೆಳವಣಿಗೆಯ ಕಾಲದಲ್ಲಿ ಒಂದೆರಡು ಬಾರಿ ಬಹಳ ತೆಳುಮಾಡಿದ ದ್ರವಗೊಬ್ಬರ ಸಾಕು. ಚಳಿಗಾಲದ ಒಣ ವಿಶ್ರಾಂತಿಯನ್ನೂ ತಪ್ಪಿಸಬಾರದು. ಮೊಗ್ಗು ಕಾಣಿಸಿಕೊಂಡ ಮೇಲೆ ಮಣ್ಣು ಪೂರ್ತಿ ಬತ್ತಲು ಬಿಟ್ಟರೆ ಅಥವಾ ಕುಂಡವನ್ನು ಬಿಸಿಲಿನಿಂದ ನೆರಳಿಗೆ, ನೆರಳಿನಿಂದ ಬಿಸಿಲಿಗೆ ಎತ್ತಾಡಿಸಿದರೆ ಅರಳುವ ಮೊದಲೇ ಮೊಗ್ಗು ಹಳದಿಯಾಗಿ ಉದುರುವುದುಂಟು.

ಕೊಳೆ ಮತ್ತು ಹಿಟ್ಟು ತಿಗಣೆ

ಗಿಡದ ದೊಡ್ಡ ಶತ್ರು ಮಣ್ಣಿನ ಶಿಲೀಂಧ್ರಗಳಿಂದ ಬರುವ ಕೊಳೆರೋಗ. ಅದು ನೆಲಕ್ಕೆ ತಾಗಿದ ಭಾಗದಿಂದ ಆರಂಭವಾಗಿ ಕಂದು, ನಂತರ ಕಪ್ಪು ಬಣ್ಣದಲ್ಲಿ ಮೇಲೇರುತ್ತದೆ. ಔಷಧ ಸಿಂಪಡಿಸಿ ಕಾಯುವುದರಿಂದ ಪ್ರಯೋಜನವಿಲ್ಲ. ಕಂಡ ದಿನವೇ ಆರೋಗ್ಯವಾಗಿರುವ ಮೇಲ್ಭಾಗವನ್ನು ಶುಚಿಯಾದ ಚಾಕುವಿನಿಂದ ಕತ್ತರಿಸಿ, ಕತ್ತರಿಸಿದ ಮುಖದಲ್ಲಿ ಕಂದು ಚುಕ್ಕೆ ಕಂಡರೆ ಮತ್ತೆ ಮೇಲೆ ಕತ್ತರಿಸಿ, ಎಲ್ಲೆಡೆ ತಿಳಿಹಸಿರು ಕಂಡ ಮೇಲೆ ಗಂಧಕದ ಪುಡಿ ಸವರಿ ನೆರಳಿನಲ್ಲಿ ಒಣಗಿಸಬೇಕು. ಹಳೆಯ ಮಣ್ಣನ್ನು ಮತ್ತೆ ಬಳಸಬಾರದು.

ಎರಡನೆಯ ಉಪದ್ರವ ಹಿಟ್ಟು ತಿಗಣೆ. ಬಿಳಿ ಹತ್ತಿಯ ತುಣುಕುಗಳಂತೆ ಕಾಂಡದ ಸಂದಿಗಳಲ್ಲಿ ಕುಳಿತು ರಸ ಹೀರುವ ಈ ಕೀಟವನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಬಹುದು, ಅಥವಾ ಬೇವಿನ ಎಣ್ಣೆಯನ್ನು ಸೋಪಿನ ನೀರಿನಲ್ಲಿ ಬೆರೆಸಿ ಸಂಜೆಯ ಹೊತ್ತು ಸಿಂಪಡಿಸಬಹುದು. ಅದೇ ಜಾತಿಯ ಕೀಟ ಬೇರಿನಲ್ಲೂ ಅಡಗಿರುತ್ತದೆ. ನೀರು, ಬೆಳಕು ಎಲ್ಲವೂ ಸರಿಯಿದ್ದರೂ ಗಿಡ ಸೊರಗುತ್ತಿದ್ದರೆ ಕುಂಡದಿಂದ ಹೊರತೆಗೆದು ಬೇರು ನೋಡಬೇಕು. ಕುಂಡದ ಸುತ್ತ ಇರುವೆಗಳ ಸಾಲು ಕಂಡರೆ ಅನುಮಾನ ಬಲವಾಗಬೇಕು, ಏಕೆಂದರೆ ತಿಗಣೆ ಸ್ರವಿಸುವ ಸಿಹಿ ದ್ರವಕ್ಕಾಗಿ ಇರುವೆಗಳು ಅದನ್ನು ಕಾಯುತ್ತವೆ.

ತುಂಡಿನಿಂದ ಗಿಡ

ಹೊಸ ಗಿಡ ಮಾಡುವುದು ಬಹಳ ಸುಲಭ. ಕಾಂಡ ಕವಲೊಡೆಯುವ ಗೆಣ್ಣಿನಲ್ಲಿ ಮುರಿದ ತುಂಡನ್ನು ಗಾಯ ಒಣಗಲು ಒಂದು ವಾರದ ಮಟ್ಟಿಗೆ ನೆರಳಿನಲ್ಲಿಟ್ಟು, ನಂತರ ಮಣ್ಣಿನಲ್ಲಿ ಹೂಳದೆ ಒಣ ಮರಳುಮಿಶ್ರಣದ ಮೇಲೆ ಮಲಗಿಸಿದರೆ ಕೆಲವೇ ವಾರಗಳಲ್ಲಿ ಕೆಳಮೈಯಿಂದ ಬೇರು ಇಳಿಯುತ್ತದೆ; ನೀರು ಹಾಕಲು ತೊಡಗಬೇಕಾದದ್ದು ಆಮೇಲೆ. ಬೀಜದಿಂದಲೂ ಬೆಳೆಸಬಹುದಾದರೂ ಕೊಂಬಿನಂತೆ ಜೋಡಿಯಾಗಿ ನಿಲ್ಲುವ ಕಾಯಿಗಳು ಬಲಿಯಲು ತಿಂಗಳುಗಳೇ ಹಿಡಿಯುವುದರಿಂದ ಮನೆಗಳಲ್ಲಿ ಆ ದಾರಿ ಹಿಡಿಯುವವರು ಕಡಿಮೆ. ಪುಟ್ಟ ಬಾಲ್ಕನಿ ಇರುವವರಿಗೆ, ವಾಸನೆಗೆ ಅಂಜುವವರಿಗೆ, ಇದೇ ಗುಂಪಿನ ಹ್ಯೂರ್ನಿಯಾ ಜೀಬ್ರಿನಾ ಸೂಕ್ತ. ನಾಣ್ಯಕ್ಕಿಂತ ತುಸು ದೊಡ್ಡದಾದ ಅದರ ಪಟ್ಟೆ ಹೂವಿನ ನಡುವೆ ಮೆರುಗಿನ ಕೆಂಪು ಬಳೆಯೊಂದಿದ್ದು, ವಾಸನೆ ಹೆಚ್ಚುಕಡಿಮೆ ತಿಳಿಯುವುದೇ ಇಲ್ಲ.

ಹೆಚ್ಚಾದ ತುಂಡುಗಳನ್ನು ಮನೆಯ ಆಚೆ ಎಸೆಯುವುದು ಮಾತ್ರ ತಪ್ಪು. ಬಿದ್ದಲ್ಲೇ ಬೇರುಬಿಡುವ ಗುಣವೇ ಈ ಗಿಡವನ್ನು ಹವಾಯಿಯಂಥ ದ್ವೀಪಗಳಲ್ಲಿ ತೋಟದ ಬೇಲಿ ದಾಟಿಸಿದೆ. ಬೇಡವಾದ ತುಂಡುಗಳನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿದ ಮೇಲಷ್ಟೇ ಕಸಕ್ಕೆ ಹಾಕಬೇಕು.

ಬಯಲುಸೀಮೆಯ ಸೋದರರು

ಆಫ್ರಿಕದ ಈ ಅತಿಥಿಯನ್ನು ದುಡ್ಡು ಕೊಟ್ಟು ತರುವ ಅನೇಕರಿಗೆ ಅದರ ಹತ್ತಿರದ ಸಂಬಂಧಿಗಳು ದಖನ್ನಿನ ಬಂಡೆಗುಡ್ಡಗಳಲ್ಲೇ ಇರುವುದು ತಿಳಿದಿರುವುದಿಲ್ಲ. ಕೋರಮಂಡಲ ತೀರದ ಸಸ್ಯಗಳ ಕುರಿತ ತಮ್ಮ ಚಿತ್ರಗ್ರಂಥದಲ್ಲಿ ಸಸ್ಯವಿಜ್ಞಾನಿ ವಿಲಿಯಂ ರಾಕ್ಸ್‌ಬರ್ಗ್ 1795ರಲ್ಲಿ ದಕ್ಷಿಣ ಭಾರತದ ಇಂಥದೊಂದು ಗಿಡವನ್ನು ವರ್ಣಿಸಿದಾಗ ಅದನ್ನು ಸ್ಟಪೀಲಿಯಾ ಕುಲಕ್ಕೇ ಸೇರಿಸಿದ್ದರು. ಮುಂದೆ ಇನ್ನೊಬ್ಬ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಅದಕ್ಕಾಗಿ ಕ್ಯಾರಲುಮಾ ಎಂಬ ಬೇರೆ ಕುಲವನ್ನು ಸ್ಥಾಪಿಸಿದರು. ಬಯಲುಸೀಮೆಯ ಒಣ ಕುರುಚಲು ಕಾಡುಗಳಲ್ಲಿ, ಮುಳ್ಳುಪೊದೆಗಳ ಮರೆಯಲ್ಲಿ, ನಾಲ್ಕು ಏಣಿನ ಬೂದುಹಸಿರು ಕಾಂಡಗಳಾಗಿ ಕ್ಯಾರಲುಮಾಗಳು ನಿಂತಿರುತ್ತವೆ; ಒಂದು ಪ್ರಭೇದದಲ್ಲಿ ಕಡುನೇರಳೆ ಹೂವುಗಳು ಕಾಂಡದ ತುದಿಯಲ್ಲಿ ಚೆಂಡಿನ ಆಕಾರಕ್ಕೆ ಗುಂಪಾಗುತ್ತವೆ, ಇನ್ನೊಂದರಲ್ಲಿ ಕಾಂಡದುದ್ದಕ್ಕೂ ಚಿಕ್ಕ ಹೂವುಗಳು ಬಿಡಿಬಿಡಿಯಾಗಿ ತೂಗುತ್ತವೆ. ಅವುಗಳ ಬಳಿಗೂ ಬರುವವು ನೊಣಗಳೇ. ಈ ಸಸ್ಯಗಳ ವಂಶವೃಕ್ಷವನ್ನು ಪರಿಶೀಲಿಸಿದ ಕೆಲವು ವಿಜ್ಞಾನಿಗಳು 2017ರಲ್ಲಿ ಸ್ಟಪೀಲಿಯಾ, ಕ್ಯಾರಲುಮಾ ಮತ್ತು ಇಡೀ ಗುಂಪನ್ನು ಸಿರೋಪೀಜಿಯಾ ಎಂಬ ಒಂದೇ ಕುಲದಲ್ಲಿ ಸೇರಿಸಬೇಕೆಂದು ಸೂಚಿಸಿದ್ದು, ಅದನ್ನು ಒಪ್ಪುವವರೂ ಒಪ್ಪದವರೂ ಇದ್ದಾರೆ.

ಕ್ಯಾರಲುಮಾದ ಎಳೆ ಕಾಂಡವನ್ನು ಹಸಿಯಾಗಿ ಅಥವಾ ಬೇಯಿಸಿ ತಿನ್ನುವ ರೂಢಿ ದೇಶದ ಹಲವು ಒಣಪ್ರದೇಶಗಳಲ್ಲಿದೆ. ಹಸಿವು ಅಡಗಿಸುವ ಗುಣ ಅದಕ್ಕಿದೆಯೆಂಬ ನಂಬಿಕೆಯ ಮೇಲೆ ಅದರ ಸಾರ ಇಂದು ತೂಕ ಇಳಿಸುವ ಮಾತ್ರೆಗಳಾಗಿ ಮಾರಾಟವಾಗುತ್ತಿದೆ. ಇಂಥ ಬೇಡಿಕೆ ಕಾಡಿನ ಗಿಡವನ್ನು ಯಾವ ಸ್ಥಿತಿಗೆ ತರಬಲ್ಲದು ಎಂಬುದಕ್ಕೆ ಇದೇ ಗುಂಪಿನ ಆಫ್ರಿಕದ ಹೂಡಿಯಾ ಸಾಕ್ಷಿ. ಸಾನ್ ಜನಾಂಗದವರು ಬೇಟೆಯ ವೇಳೆ ಹಸಿವು ತಡೆಯಲು ಅಗಿಯುತ್ತಿದ್ದ ಆ ಗಿಡದ ಅಂಶಕ್ಕೆ ದಕ್ಷಿಣ ಆಫ್ರಿಕದ ಸಂಶೋಧನಾ ಮಂಡಳಿ ಪೇಟೆಂಟ್ ಪಡೆಯಿತು. ವಿವಾದವೆದ್ದ ಮೇಲೆ 2003ರಲ್ಲಿ ಸಾನ್ ಜನರೊಂದಿಗೆ ಲಾಭಹಂಚಿಕೆಯ ಒಪ್ಪಂದವಾಯಿತು. ಬೇಡಿಕೆ ಏರಿ ಕಾಡಿನಿಂದ ಕೀಳುವುದು ಹೆಚ್ಚಿದ ಹಿನ್ನೆಲೆಯಲ್ಲಿ ಹೂಡಿಯಾ ಕುಲವನ್ನು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಬೇಕಾಯಿತು.

ಸ್ಟಪೀಲಿಯಾ ಜೈಗಾಂಟಿಯಾವನ್ನು ಈ ಬಗೆಯಲ್ಲಿ ತಿನ್ನುವ, ಔಷಧವಾಗಿ ಬಳಸುವ ಪ್ರಯೋಗವನ್ನು ಯಾರೂ ಮಾಡಬಾರದು. ಗಿಡ ಬೇಕೆನಿಸಿದವರು ನರ್ಸರಿಯಿಂದಲೋ, ಪರಿಚಯದವರ ಕುಂಡದಿಂದಲೋ ಒಂದು ತುಂಡು ಪಡೆದು ಬೆಳೆಸಲಿ. ಚಾರಣಕ್ಕೆ ಹೋದ ಬೆಟ್ಟದಲ್ಲಿ ಕ್ಯಾರಲುಮಾ ಕಂಡರೆ ಚಿತ್ರ ತೆಗೆದುಕೊಂಡು, ಬೇರು ಕೀಳದೆ, ಅದನ್ನು ಅಲ್ಲೇ ಬಿಟ್ಟು ಬರಲಿ.